ಕೊಂಡ ಯಂತ್ರಕ್ಕೆ ಧನಿ ಯಾರು?

ಓದುಗರೇ, ಸಂತೆಯಲ್ಲಿ ನೀವೊಂದು ಜೋಡಿ ಎತ್ತು ಕೊಂಡಿರಿ ಎಂದು ತಿಳಿಯೋಣ. ಹಣ ಎಣಿಸಿ ಕೊಟ್ಟು ಹಗ್ಗ ಕೈಗೆ ಬಂದ ಮೇಲೆ ಎತ್ತು ನಿಮ್ಮವು. ಯಾವ ಮೇವು ಹಾಕಬೇಕು, ಯಾರ ಕೈಯಿಂದ ಲಾಳ ಹೊಡೆಸಬೇಕು, ಯಾವ ಹೊಲದಲ್ಲಿ ಹೂಡಬೇಕು ಎಂಬುದೆಲ್ಲ ನಿಮ್ಮ ಇಚ್ಛೆ. ಮಾರಿದವನು ತಿಂಗಳ ಮೇಲೆ ಬಂದು "ಲಾಳ ನಮ್ಮ ಮನುಷ್ಯನೇ ಹೊಡೆಯಬೇಕು, ಬೇರೆಯವರು ಮುಟ್ಟಿದರೆ ಎತ್ತು ಅಲ್ಲೇ ನಿಲ್ಲುತ್ತದೆ" ಎಂದರೆ ನೀವು ನಗುತ್ತೀರಿ. ಆದರೆ ನಿಮ್ಮ ಅಂಗಿಯ ಜೇಬಿನಲ್ಲಿರುವ ಮೊಬೈಲಿನ ವಿಷಯದಲ್ಲಿ ನಡೆಯುತ್ತಿರುವುದು ಹೆಚ್ಚುಕಡಿಮೆ ಇದೇ. ಹಣ ನಮ್ಮದು, ಹಗ್ಗ ಮಾತ್ರ ಕಂಪನಿಯ ಕೈಯಲ್ಲಿ. "ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ" ಎಂಬ ಗಾದೆ ಸಾಲದ ವ್ಯವಹಾರಕ್ಕೆ ಹುಟ್ಟಿದ್ದು. ಈಗ ಅದು ಅಂಗಡಿಯ ಗಲ್ಲಾದ ಮುಂದೆಯೂ ಸಲ್ಲುವಂತಾಗಿದೆ.

ಅಕಿವಾಟದಂಥ ಊರಿನಲ್ಲಿ ಕುಳಿತು ದೊಡ್ಡ ದೊಡ್ಡ ಕಂಪನಿಗಳ ಮಾತು ನಮಗೇಕೆ ಎಂದು ಕೇಳುವವರಿದ್ದಾರೆ. ಯಂತ್ರಗಳ ವಿಷಯದಲ್ಲಿ ನಮ್ಮ ಸೀಮೆ ಹಿಂದುಳಿದದ್ದೇನೂ ಅಲ್ಲ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲು ಮಾಡಿದರು. 1910ರಲ್ಲಿ ಔಂಧ ಸಂಸ್ಥಾನದ ಅರಸರು ಕೊಟ್ಟ ಜಾಗದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಕಬ್ಬಿಣ ತಾಗಿದರೆ ಭೂಮಿ ಕೆಡುತ್ತದೆ ಎಂದು ರೈತರು ಮೊದಮೊದಲು ಅದನ್ನು ಕೊಳ್ಳಲು ಹಿಂಜರಿದರು. ಆದರೆ ಒಮ್ಮೆ ಕೊಂಡವನಿಗೆ ಆ ನೇಗಿಲಿನ ಗುಟ್ಟು ಮುಚ್ಚಿಟ್ಟದ್ದಾಗಿರಲಿಲ್ಲ. ಕುಳ ಸವೆದರೆ ಊರ ಕಮ್ಮಾರನ ಕುಲುಮೆ ಇತ್ತು.

ಇಚಲಕರಂಜಿಯ ಕಥೆಯೂ ಹಾಗೆಯೇ. ಅಲ್ಲಿ ಮೊದಲ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಿ, ವಿಠ್ಠಲರಾವ್ ದಾತಾರರ ಪ್ರಯತ್ನದಿಂದ. ಮುಂದೆ ಆ ಊರೆಲ್ಲ ಮಗ್ಗದ ಸಪ್ಪಳವಾಯಿತು. ನಮ್ಮ ಎಷ್ಟೋ ಕನ್ನಡದ ಮನೆಗಳ ಹುಡುಗರು ಅಲ್ಲಿಗೆ ಹೋಗಿ ಕಾಂಡಿ ತುಂಬಿದರು, ಮಗ್ಗ ನಡೆಸಿದರು, ಜಾಬರ್ ಆದರು. ಜಾಬರ್ ಎಂದರೆ ಮಗ್ಗ ಕೆಟ್ಟಾಗ ಕಿವಿಗೊಟ್ಟು ಕೇಳಿ, ಎಲ್ಲಿ ಸಪ್ಪಳ ತಪ್ಪಿದೆ ಎಂದು ಹಿಡಿಯುವ ಮನುಷ್ಯ. ಅವನ ಕೈಯಲ್ಲಿ ಒಂದು ಪಾನಾ, ಒಂದು ಸುತ್ತಿಗೆ, ಅಷ್ಟೇ. ಬಿಡಿಭಾಗವನ್ನು ಅಲ್ಲಿಯ ಇಲ್ಲವೇ ಕೊಲ್ಹಾಪುರದ ಎರಕದ ಕಾರ್ಖಾನೆಯಲ್ಲಿ ಹೊಯ್ಯಿಸುತ್ತಿದ್ದರು. ಮಗ್ಗ ಮಾಡಿದವನು ಯಾರು, ಎಲ್ಲಿದ್ದಾನೆ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಈಗ ಅದೇ ಊರಿಗೆ ಲಾಳಿ ಇಲ್ಲದ ಹೊಸ ಮಗ್ಗಗಳು ಬಂದಿವೆ. ಅವುಗಳ ವೇಗ ದೊಡ್ಡದು, ಬಟ್ಟೆ ನಯ. ಆದರೆ ಒಳಗಿನ ಎಲೆಕ್ಟ್ರಾನಿಕ್ ಬೋರ್ಡು ಕೈಕೊಟ್ಟರೆ ಜಾಬರನ ಕಿವಿ ಸಾಲದು.

ಏನು ಬದಲಾಯಿತು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ಹಳೆಯ ಯಂತ್ರ ಕಬ್ಬಿಣ ಮಾತ್ರವಾಗಿತ್ತು. ಕಣ್ಣಿಗೆ ಕಂಡದ್ದೇ ಅದರ ಬುದ್ಧಿ. ಹೊಸ ಯಂತ್ರದಲ್ಲಿ ಕಬ್ಬಿಣದ ಜೊತೆಗೆ ಬರೆದಿಟ್ಟ ಆಜ್ಞೆಗಳ ಒಂದು ಕಟ್ಟು ಇರುತ್ತದೆ. ಅದಕ್ಕೇ ಸಾಫ್ಟ್‌ವೇರ್ ಎನ್ನುತ್ತಾರೆ. ನೀವು ಕಬ್ಬಿಣವನ್ನು ಕೊಳ್ಳುತ್ತೀರಿ. ಆಜ್ಞೆಗಳನ್ನು ಮಾತ್ರ ಬಳಸಲು ಪರವಾನಗಿ ಪಡೆಯುತ್ತೀರಿ. ಯಾರೂ ಓದದೆ "ಒಪ್ಪಿದೆ" ಎಂದು ಒತ್ತುವ ಆ ಉದ್ದದ ಕರಾರಿನಲ್ಲಿ ಇರುವುದು ಇದೇ. ಕಂಪನಿಯು ದೂರದಿಂದಲೇ ಆ ಆಜ್ಞೆಗಳನ್ನು ತಿದ್ದಬಹುದು, ನೀವು ತಿದ್ದುವಂತಿಲ್ಲ.

ಇದರ ಬಗ್ಗೆ ಮೊದಲು ಗಟ್ಟಿಯಾಗಿ ಕೂಗಿದವರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಒಬ್ಬರು. 1980ರ ಸುಮಾರಿಗೆ ಎಂ.ಐ.ಟಿ.ಯ ಪ್ರಯೋಗಾಲಯಕ್ಕೆ ಝೆರಾಕ್ಸ್ ಕಂಪನಿಯ ಒಂದು ಮುದ್ರಣ ಯಂತ್ರ ಬಂತು. ಅದರಲ್ಲಿ ಕಾಗದ ಆಗಾಗ ಸಿಕ್ಕಿಕೊಳ್ಳುತ್ತಿತ್ತು. ಹಿಂದಿನ ಯಂತ್ರಕ್ಕೆ ಸ್ಟಾಲ್‌ಮನ್ನರೇ ಒಂದು ತಿದ್ದುಪಡಿ ಬರೆದಿದ್ದರು. ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರಿಗೆ ಸುದ್ದಿ ಮುಟ್ಟುತ್ತಿತ್ತು. ಹೊಸದಕ್ಕೂ ಹಾಗೆ ಮಾಡೋಣವೆಂದರೆ ಅದರ ಮೂಲ ಬರಹವನ್ನು ಕೊಡಲು ನಿರಾಕರಿಸಲಾಯಿತು. 1983ರಲ್ಲಿ ಅವರು ಗ್ನೂ ಯೋಜನೆಯನ್ನು ಘೋಷಿಸಿ, ಯಾರು ಬೇಕಾದರೂ ಓದಿ ತಿದ್ದಬಹುದಾದ ಸಾಫ್ಟ್‌ವೇರಿನ ಚಳವಳಿಗೆ ಅಡಿಪಾಯ ಹಾಕಿದರು. ಇಷ್ಟು ದೊಡ್ಡ ಚಳವಳಿಯ ಮೂಲದಲ್ಲಿ ಸಿಕ್ಕಿಕೊಂಡ ಒಂದು ಕಾಗದವಿದೆ.

ಕಂಪನಿಗಳ ಮುಖ್ಯಸ್ಥರೆಲ್ಲ ಒಂದೇ ಮನಸ್ಸಿನವರಲ್ಲ. ಆಪಲ್ ಕಂಪನಿಯ ಇಬ್ಬರು ಸ್ಟೀವರನ್ನೇ ನೋಡಿ. 1977ರ ಆಪಲ್ 2 ಗಣಕದ ಮುಚ್ಚಳ ತೆಗೆದರೆ ಬೇರೆ ಬಿಡಿಭಾಗ ಸೇರಿಸಲು ಎಂಟು ಕಿಂಡಿಗಳಿದ್ದವು. ಎರಡು ಸಾಕೆಂದು ಸ್ಟೀವ್ ಜಾಬ್ಸ್ ವಾದ, ಎಂಟೂ ಬೇಕೆಂದು ಸ್ಟೀವ್ ವೋಜ್ನಿಯಾಕರ ಹಟ. ಆಗ ವೋಜ್ನಿಯಾಕ್ ಗೆದ್ದರು. 1984ರ ಮ್ಯಾಕಿಂಟಾಷ್ ಬಂದಾಗ ಜಾಬ್ಸ್ ಮಾತು ನಡೆಯಿತು. ಅದರ ಪೆಟ್ಟಿಗೆ ತೆರೆಯಲು ಉದ್ದನೆಯ ವಿಶೇಷ ಸ್ಕ್ರೂಡ್ರೈವರ್ ಬೇಕಾಯಿತು. ಮುಂದೆ ಐಫೋನಿಗೆ ಐದು ದಳದ ಹೂವಿನಂಥ ತಲೆಯುಳ್ಳ ಸ್ಕ್ರೂ ಬಂತು. ಸಾಮಾನ್ಯ ಮಿಸ್ತ್ರಿಯ ಪೆಟ್ಟಿಗೆಯಲ್ಲಿ ಅದಕ್ಕೆ ಹೊಂದುವ ಹತ್ಯಾರವಿರಲಿಲ್ಲ. ವೋಜ್ನಿಯಾಕ್ ಮಾತ್ರ ತಮ್ಮ ಮಾತು ಬದಲಿಸಲಿಲ್ಲ. ದುರಸ್ತಿಯ ಹಕ್ಕು ಜನರಿಗೆ ಇರಬೇಕೆಂದು 2021ರಲ್ಲಿ ಬಹಿರಂಗವಾಗಿಯೇ ಹೇಳಿದರು. ಜಾಬ್ಸ್ ಅವರ ಕೈಚಳಕವನ್ನು ನಾನು ಅಲ್ಲಗಳೆಯುವುದಿಲ್ಲ. ಅಂದವಾದ, ಎಲ್ಲರಿಗೂ ಸುಲಭವಾದ ಯಂತ್ರವನ್ನು ಅವರು ಕೊಟ್ಟರು. ಆದರೆ ಅಂದಕ್ಕೂ ಬೀಗಕ್ಕೂ ಗಂಟು ಹಾಕುವ ಅಗತ್ಯವಿತ್ತೆಂದು ನನಗೆ ಅನಿಸಿಲ್ಲ.

ಕಂಪನಿಗಳ ಕಡೆಯ ವಾದವನ್ನೂ ಕೇಳಬೇಕು. ಯಾರೋ ಹಾಕಿದ ಕಳಪೆ ಬ್ಯಾಟರಿ ಉಬ್ಬಿ ಬೆಂಕಿ ಹತ್ತಿದರೆ ಹೆಸರು ಕೆಡುವುದು ಕಂಪನಿಯದೇ. ಕದ್ದ ಫೋನನ್ನು ಬಿಚ್ಚಿ ಭಾಗಭಾಗವಾಗಿ ಮಾರುವ ದಂಧೆಯೂ ಇದೆ. ಅದನ್ನು ತಡೆಯಲೆಂದು ಒಂದೊಂದು ಭಾಗಕ್ಕೆ ಒಂದೊಂದು ಗುಪ್ತ ಸಂಖ್ಯೆ ಕೊಟ್ಟು, ಮುಖ್ಯ ಬೋರ್ಡು ಅದನ್ನು ಗುರುತಿಸುವಂತೆ ಮಾಡಿದ್ದಾರೆ. ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಅದೇ ಬೀಗ, ನಿಮ್ಮದೇ ಹಳೆಯ ಫೋನಿನ ಅಸಲಿ ಪರದೆಯನ್ನು ತೆಗೆದು ಇನ್ನೊಂದಕ್ಕೆ ಹಾಕಿದರೂ ತಕರಾರು ತೆಗೆಯುತ್ತದೆ. ಅಮೆರಿಕದ ಆರೆಗಾನ್ ರಾಜ್ಯ ಈ ಪದ್ಧತಿಯನ್ನು ನಿರ್ಬಂಧಿಸಿ 2024ರಲ್ಲಿ ಕಾನೂನು ಮಾಡಿತು. ವಿಶ್ವಾಸದ ಮಾತಿಗೆ ಬಂದರೆ 2017ರ ಡಿಸೆಂಬರಿನ ಘಟನೆಯನ್ನು ಮರೆಯುವಂತಿಲ್ಲ. ಬ್ಯಾಟರಿ ಹಳೆಯದಾದ ಐಫೋನುಗಳ ವೇಗವನ್ನು ತಾನೇ ತಗ್ಗಿಸುತ್ತಿದ್ದೆನೆಂದು ಆಪಲ್ ಒಪ್ಪಿಕೊಂಡಿತು. ಫೋನು ದಿಢೀರನೆ ಆರಿಹೋಗಬಾರದೆಂದು ಹಾಗೆ ಮಾಡಿದೆವು ಎಂಬುದು ಅದರ ಸಮಜಾಯಿಷಿ. ಕಾರಣ ನಿಜವೇ ಇರಬಹುದು. ಆದರೆ ಮುಂಚೆಯೇ ಬಾಯಿಬಿಟ್ಟು ಹೇಳಿದ್ದರೆ, ಹೊಸ ಫೋನಿನ ಬದಲು ಹೊಸ ಬ್ಯಾಟರಿ ಹಾಕಿಸಿಕೊಂಡೇ ಎಷ್ಟೋ ಜನ ಸುಧಾರಿಸುತ್ತಿದ್ದರು. ಕಂಪನಿ ಕ್ಷಮೆ ಕೇಳಿತು, ಅಮೆರಿಕದಲ್ಲಿ ಬ್ಯಾಟರಿ ಬದಲಾವಣೆಯ ದರವನ್ನು 79 ಡಾಲರಿನಿಂದ 29ಕ್ಕೆ ಇಳಿಸಿತು. 2020ರಲ್ಲಿ ಅಲ್ಲಿನ ಗ್ರಾಹಕರೊಡನೆ 50 ಕೋಟಿ ಡಾಲರಿನವರೆಗಿನ ರಾಜಿಗೂ ಒಪ್ಪಿತು.

ಟ್ರ್ಯಾಕ್ಟರಿನ ಮಾತು ರೈತ ಓದುಗರಿಗೆ ಬೇಗ ತಿಳಿಯುತ್ತದೆ. ಅಮೆರಿಕದಲ್ಲಿ ಜಾನ್ ಡೀರ್ ಕಂಪನಿಯ ದೊಡ್ಡ ಯಂತ್ರಗಳು ಕೆಟ್ಟಾಗ, ರೋಗ ತೋರಿಸುವ ಸಾಫ್ಟ್‌ವೇರ್ ಡೀಲರನ ಬಳಿ ಮಾತ್ರ ಪೂರ್ತಿಯಾಗಿ ಇರುತ್ತಿತ್ತು. ಸುಗ್ಗಿಯ ಹೊತ್ತಿನಲ್ಲಿ ಯಂತ್ರ ನಿಂತರೆ ಡೀಲರನ ದಾರಿ ಕಾಯಬೇಕು. ರೈತರ ಗಲಾಟೆಯಿಂದ ಕೊಲೊರಾಡೊ ರಾಜ್ಯ 2023ರಲ್ಲಿ ಕೃಷಿ ಯಂತ್ರಗಳ ದುರಸ್ತಿ ಹಕ್ಕಿನ ಕಾನೂನು ಮಾಡಿತು. 2025ರ ಜನವರಿಯಲ್ಲಿ ಅಲ್ಲಿನ ಕೇಂದ್ರ ವ್ಯಾಪಾರ ಆಯೋಗವೇ ಆ ಕಂಪನಿಯ ಮೇಲೆ ದಾವೆ ಹೂಡಿತು. ನಮ್ಮ ಶಿರೋಳ ತಾಲೂಕಿನ ಹಳೆಯ ಟ್ರ್ಯಾಕ್ಟರುಗಳನ್ನು ಇನ್ನೂ ಊರಿನ ಮಿಸ್ತ್ರಿಯೇ ಬಿಚ್ಚಿ ಜೋಡಿಸುತ್ತಾನೆ. ಆದರೆ ಕಬ್ಬು ಕಡಿಯುವ ಯಂತ್ರಗಳು ಹೊಲಕ್ಕೆ ಇಳಿದಿವೆ. ಕಟಾವಿನ ಹೊತ್ತಿನಲ್ಲಿ ಅದು ನಿಂತರೆ ಕಬ್ಬು ಒಣಗುವುದು ರೈತನದು, ಕಂಪನಿಯದಲ್ಲ.

ಇನ್ನು ನಮ್ಮ ಆಕಾಶವಾಣಿಯ ಕೇಳುಗರಿಗೆ ನೇರವಾಗಿ ತಟ್ಟುವ ಒಂದು ಸಂಗತಿಗೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ರೇಡಿಯೋದಷ್ಟು ಪ್ರಾಮಾಣಿಕ ಯಂತ್ರ ಇನ್ನೊಂದಿಲ್ಲ. ಗುಂಡಿ ತಿರುಗಿಸಿದರೆ ಸಾಂಗಲಿ, ಇನ್ನಷ್ಟು ತಿರುಗಿಸಿದರೆ ಧಾರವಾಡ. 1950ರಿಂದ ಧಾರವಾಡ ಕೇಂದ್ರದ ಕನ್ನಡ ಗಡಿ ದಾಟಿ ನಮ್ಮ ಪಡಸಾಲೆಗೆ ಬರುತ್ತಿದೆ. ನೀವು ಯಾವ ರಾಜ್ಯದವರು, ಯಾವ ಪ್ಯಾಕೇಜಿನವರು ಎಂದು ಅದು ಕೇಳಲಿಲ್ಲ. ಟಿ.ವಿ.ಯ ಡಬ್ಬಿ ಕೇಳುತ್ತದೆ. ಮಹಾರಾಷ್ಟ್ರದ ಪ್ಯಾಕು ತೆಗೆದುಕೊಂಡ ಕನ್ನಡದ ಮನೆಯವರು ಕನ್ನಡದ ವಾಹಿನಿ ಬೇಕೆಂದರೆ ಬೇರೆಯಾಗಿ ಕೇಳಿ ಆರಿಸಿಕೊಳ್ಳಬೇಕು. ಬೇಕಾದ ವಾಹಿನಿಯನ್ನು ಬಿಡಿಬಿಡಿಯಾಗಿ ಆರಿಸುವ ವ್ಯವಸ್ಥೆ 2019ರ ಫೆಬ್ರುವರಿಯಲ್ಲಿ ಜಾರಿಗೆ ಬಂತು. ಆದರೆ ಕಂಪನಿ ಬದಲಿಸಿದರೆ ಡಬ್ಬಿಯನ್ನೂ ಬದಲಿಸಬೇಕಾದ ಕಷ್ಟ ಹಾಗೆಯೇ ಉಳಿಯಿತು. ಯಾವ ಡಬ್ಬಿಯಾದರೂ ಯಾವ ಕಂಪನಿಗಾದರೂ ನಡೆಯುವಂತಿರಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2020ರ ಏಪ್ರಿಲಿನಲ್ಲಿ ಶಿಫಾರಸು ಮಾಡಿತ್ತು.

ಮೊಬೈಲಿನೊಳಗಿನ ರೇಡಿಯೋದ ಕಥೆ ಇನ್ನೂ ವಿಚಿತ್ರ. ಅನೇಕ ಫೋನುಗಳಲ್ಲಿ ವೈಫೈ, ಬ್ಲೂಟೂತ್‌ಗಳನ್ನು ನಡೆಸುವ ಚಿಪ್ಪಿನಲ್ಲಿಯೇ ಎಫ್.ಎಂ. ರೇಡಿಯೋ ಹಿಡಿಯುವ ಶಕ್ತಿಯೂ ಇರುತ್ತದೆ. ಅದಕ್ಕೆ ಇಂಟರ್‌ನೆಟ್ ಬೇಡ, ಸಿಮ್ ಬೇಡ, ಮೊಬೈಲ್ ಟವರೂ ಬೇಡ. ಇಯರ್‌ಫೋನಿನ ತಂತಿಯೇ ಅದರ ಆಂಟೆನಾ. ಆದರೆ ಕೆಲವು ತಯಾರಕರು ಆ ಶಕ್ತಿಯನ್ನು ಮುಚ್ಚಿಟ್ಟು ಮಾರುತ್ತಾ ಬಂದರು. ಅಂದರೆ ಮನೆ ಕೊಂಡವರಿಗೆ ಒಂದು ಕೋಣೆಯ ಕೀಲಿ ಕೊಡದೆ ಇದ್ದಂತೆ. ಜೊತೆಗೆ ಇಯರ್‌ಫೋನಿನ ತೂತೂ ಮಾಯವಾಗತೊಡಗಿತು. 2016ರಲ್ಲಿ ಐಫೋನ್ 7ರಲ್ಲಿ ಅದನ್ನು ತೆಗೆದಾಗ ಆಪಲ್ಲಿನ ಹಿರಿಯ ಅಧಿಕಾರಿ ಫಿಲ್ ಷಿಲ್ಲರ್ ಅದನ್ನು "ಧೈರ್ಯ" ಎಂದು ಬಣ್ಣಿಸಿದರು. ಧೈರ್ಯದ ಅರ್ಥ ಇಷ್ಟೊಂದು ಅಗ್ಗವಾದದ್ದು ನಮಗೆ ಗೊತ್ತಿರಲಿಲ್ಲ.

ಇದು ಹಾಡು ಕೇಳುವ ಶೋಕಿಯ ಮಾತಲ್ಲ. ಕೃಷ್ಣೆ ಪಂಚಗಂಗೆಯರ ನೀರು 2005ರಲ್ಲಿ, 2019ರಲ್ಲಿ, 2021ರಲ್ಲಿ ಈ ತಾಲೂಕಿನಲ್ಲಿ ಏನು ಮಾಡಿತೆಂದು ಓದುಗರಿಗೆ ಹೇಳಬೇಕಾಗಿಲ್ಲ. ಮಹಾಪೂರದಲ್ಲಿ ಮೊದಲು ಹೋಗುವುದು ವಿದ್ಯುತ್ತು. ಮೊಬೈಲ್ ಟವರಿನ ಬ್ಯಾಟರಿ, ಡೀಸೆಲ್ ಮುಗಿದ ಮೇಲೆ ಟವರೂ ಹೋಗುತ್ತದೆ. ಆಗ ಸಾವಿರಾರು ರೂಪಾಯಿಯ ಫೋನು ಕೈಯಲ್ಲಿ ಬರೀ ಒಂದು ಟಾರ್ಚು. ಕೊಯ್ನಾದಿಂದ ಎಷ್ಟು ನೀರು ಬಿಟ್ಟಿದ್ದಾರೆ, ಆಲಮಟ್ಟಿಯಲ್ಲಿ ಎಷ್ಟು ಹೊರಹರಿವು, ಯಾವ ದಾರಿ ಮುಚ್ಚಿದೆ, ದೋಣಿ ಎಲ್ಲಿಗೆ ಬರುತ್ತದೆ ಎಂಬ ಮಾತು ಆ ಹೊತ್ತಿನಲ್ಲಿ ರೇಡಿಯೋದಿಂದ ಮಾತ್ರ ಮುಟ್ಟಬಹುದು. ಫೋನಿನಲ್ಲಿ ಎಫ್.ಎಂ. ತೆರೆದಿದ್ದರೆ, ತಂತಿಯ ಇಯರ್‌ಫೋನು ಒಂದಿದ್ದರೆ, ಮಾಳಿಗೆಯ ಮೇಲೆ ಕುಳಿತವರಿಗೂ ಮುಟ್ಟಬಹುದು. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು 2023ರ ಏಪ್ರಿಲಿನಲ್ಲಿ, ಇಂಥ ವಿಪತ್ತುಗಳನ್ನೇ ಹೆಸರಿಸಿ, ಫೋನಿನಲ್ಲಿರುವ ಎಫ್.ಎಂ. ಅನ್ನು ಮುಚ್ಚಬೇಡಿರೆಂದು ತಯಾರಕರಿಗೆ ಸೂಚನೆ ಕೊಟ್ಟಿತು. ಅದು ಸಲಹೆಯ ರೂಪದ ಸೂಚನೆ. ಸಲಹೆಯಲ್ಲಿ ಹಲ್ಲಿರುವುದಿಲ್ಲ.

ಪೂರ ಇಳಿದ ಮೇಲಿನದು ಇನ್ನೊಂದು ಪಾಡು. ನೆನೆದ ಫೋನುಗಳನ್ನು ಅಕ್ಕಿಯ ಡಬ್ಬಿಯಲ್ಲಿ ಹುಗಿದಿಡುವ ಜನ ಊರೆಲ್ಲ. ನನ್ನ ಪರಿಚಯದವರೊಬ್ಬರು ತಮ್ಮ ಫೋನನ್ನು ಕಂಪನಿಯ ಅಧಿಕೃತ ಕೇಂದ್ರಕ್ಕೆ ಒಯ್ದರು. ನೀರು ಹೊಕ್ಕಿದ್ದಕ್ಕೆ ಗ್ಯಾರಂಟಿ ಇಲ್ಲ, ಬೋರ್ಡೇ ಬದಲಿಸಬೇಕು ಎಂದು ಹೊಸ ಫೋನಿನ ಸಮೀಪದ ಬೆಲೆ ಹೇಳಿದರು. ಜಯಸಿಂಗಪುರದ ಒಂದು ಸಣ್ಣ ಅಂಗಡಿಯ ಹುಡುಗ ಅದನ್ನು ಬಿಚ್ಚಿ, ಬ್ರಶ್ಶಿನಿಂದ ಕೆಸರು ತೊಳೆದು, ಒಂದು ಸಣ್ಣ ಭಾಗಕ್ಕೆ ಬೆಸುಗೆ ಹಾಕಿ ಕೊಟ್ಟ. ಅದರಲ್ಲಿದ್ದ ಮೊಮ್ಮಗಳ ಫೋಟೋಗಳೆಲ್ಲ ಉಳಿದವು. ಅಧಿಕೃತ ಕೇಂದ್ರದವರು ಸುಳ್ಳು ಹೇಳಿದರು ಎಂದಲ್ಲ, ಬೆಸುಗೆ ಹಾಕುವುದು ಅವರ ನಿಯಮದಲ್ಲಿಲ್ಲ. ಆ ಹುಡುಗನಿಗೆ ನಕ್ಷೆಯನ್ನಾಗಲಿ, ಅಸಲಿ ಭಾಗವನ್ನಾಗಲಿ ಕಂಪನಿ ಕೊಡುವುದಿಲ್ಲ. ಜಗಳ ಇರುವುದು ಇಲ್ಲಿಯೇ.

ನಮ್ಮ ದೇಶದಲ್ಲಿ ಈ ಜಗಳ ಮೊದಲು ದೊಡ್ಡದಾಗಿ ಎದ್ದದ್ದು ಮೋಟಾರು ಕಾರುಗಳ ವಿಷಯದಲ್ಲಿ. ಬಿಡಿಭಾಗಗಳನ್ನೂ ದುರಸ್ತಿಯ ಮಾಹಿತಿಯನ್ನೂ ಹೊರಗಿನ ಗ್ಯಾರೇಜಿಗೆ ಸಿಗದಂತೆ ಮಾಡಿದ್ದಾರೆಂದು ಭಾರತದ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿ ಹಕ್ಕಿಗಾಗಿ ಸಮಿತಿ ಮಾಡಿತು. ಅದೇ ವರ್ಷ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ಸಾಮಾನು, ಮನೆಬಳಕೆಯ ಯಂತ್ರ, ವಾಹನ ಈ ನಾಲ್ಕು ಬಗೆಯ ವಸ್ತುಗಳ ದುರಸ್ತಿ ಮಾಹಿತಿಗೆ ಒಂದು ತಾಣ ತೆರೆಯಿತು. ಯಾವ ಫೋನು ದುರಸ್ತಿಗೆ ಎಷ್ಟು ಸುಲಭ ಎಂದು ಅಂಕ ಕೊಡುವ ಪದ್ಧತಿಯ ಬಗ್ಗೆ ಇನ್ನೊಂದು ಸಮಿತಿ 2025ರಲ್ಲಿ ವರದಿ ಒಪ್ಪಿಸಿತು. ಫ್ರಿಜ್ಜಿನ ಮೇಲೆ ನಕ್ಷತ್ರ ನೋಡಿ ಕೊಳ್ಳುವಂತೆ ಫೋನಿನ ಮೇಲೂ ಅಂಕ ನೋಡಿ ಕೊಳ್ಳಬಹುದೆಂಬ ಕಲ್ಪನೆ ಅದು. ಯುರೋಪು ನಮಗಿಂತ ಮುಂದೆ ನಡೆದಿದೆ. ಅಲ್ಲಿ 2025ರ ಜೂನ್ 20ರಿಂದ, ಒಂದು ಮಾದರಿಯ ಮಾರಾಟ ನಿಂತ ಮೇಲೆಯೂ 7 ವರ್ಷ ಮುಖ್ಯ ಬಿಡಿಭಾಗ, 5 ವರ್ಷ ಸಾಫ್ಟ್‌ವೇರ್ ತಿದ್ದುಪಡಿ ಕೊಡಬೇಕೆಂಬ ನಿಯಮ ಬಂದಿದೆ.

ಫೋನಿನೊಳಗೆ ಏನಿರಬೇಕೆಂಬುದೂ ಧನಿತನದ ಪ್ರಶ್ನೆಯೇ. ಆಂಡ್ರಾಯ್ಡ್ ಫೋನು ಕೊಂಡರೆ ಗೂಗಲ್ಲಿನ ಹತ್ತಾರು ಆ್ಯಪುಗಳು ಮೊದಲೇ ಬೇರೂರಿರುತ್ತವೆ. ಈ ಬಗ್ಗೆ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲ್ಲಿಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಕೆಲವು ನಿರ್ದೇಶನಗಳನ್ನು ಕೈಬಿಟ್ಟರೂ ದಂಡವನ್ನು ಎತ್ತಿಹಿಡಿಯಿತು. ಅದಕ್ಕೂ ಮೊದಲು, 2015ರಲ್ಲಿ, ಫೇಸ್‌ಬುಕ್ಕಿನ ಮಾರ್ಕ್ ಝುಕರ್‌ಬರ್ಗ್ ತಾವು ಆರಿಸಿದ ಕೆಲವು ತಾಣಗಳನ್ನು ಬಡವರಿಗೆ ಪುಕ್ಕಟೆ ಕೊಡುತ್ತೇವೆಂದು ಬಂದಿದ್ದರು. ಪುಕ್ಕಟೆಯಾದರೇನು, ಯಾವ ಬಾಗಿಲು ತೆರೆಯಬೇಕೆಂದು ನಿರ್ಧರಿಸುವವರು ಅವರೇ. 2016ರ ಫೆಬ್ರುವರಿ 8ರಂದು ನಿಯಂತ್ರಣ ಪ್ರಾಧಿಕಾರ ಅಂಥ ಭೇದದ ದರಗಳನ್ನು ನಿಷೇಧಿಸಿತು. ನನ್ನ ಮಟ್ಟಿಗೆ ಅದು ಒಳ್ಳೆಯ ತೀರ್ಪು.

ಭಾಷೆಯ ವಿಷಯದಲ್ಲಿ ನಮ್ಮವರಿಗೆ ಆದ ನೋವು ಬೇರೆ. 2021ರ ಜೂನಿನಲ್ಲಿ ಭಾರತದ ಕುರೂಪ ಭಾಷೆ ಯಾವುದೆಂದು ಕೇಳಿದರೆ ಗೂಗಲ್ "ಕನ್ನಡ" ಎಂದು ತೋರಿಸಿತು. ಕನ್ನಡಿಗರು ಸಿಟ್ಟೆದ್ದ ಮೇಲೆ ಕಂಪನಿ ಅದನ್ನು ತೆಗೆದು ಕ್ಷಮೆ ಕೇಳಿತು. ಯಾರೋ ಎಲ್ಲಿಯೋ ಬರೆದದ್ದನ್ನು ಯಂತ್ರ ಹೆಕ್ಕಿ ಉತ್ತರವೆಂದು ಕೂಡಿಸಿತ್ತು. ಆದರೆ ಶಾಲೆಯ ಮಗುವಿಗೆ ಅದು ಯಾರೋ ಬರೆದದ್ದಲ್ಲ, "ಫೋನು ಹೇಳಿದ್ದು". ಮಹಾರಾಷ್ಟ್ರದಲ್ಲಿದ್ದು ಕನ್ನಡ ಶಾಲೆಗೆ ಮಗುವನ್ನು ಕಳಿಸುವ ತಾಯಿತಂದೆಯರಿಗೆ ಇದರ ಭಾರ ತಿಳಿಯುತ್ತದೆ. ಒಳ್ಳೆಯದನ್ನೂ ಹೇಳಬೇಕು. ದೇಶದಲ್ಲಿ ಮಾರುವ ಫೋನುಗಳಲ್ಲಿ ಭಾರತದ 22 ಭಾಷೆಗಳನ್ನೂ ಓದಲು ಬರಬೇಕೆಂದು ಸರಕಾರ 2016ರಲ್ಲಿ ಆದೇಶ ಹೊರಡಿಸಿತು. ಇದರಿಂದ ಕೊಲ್ಹಾಪುರದಲ್ಲಿ ಕೊಂಡ ಫೋನಿನಲ್ಲಿಯೂ ಕನ್ನಡ ಚೌಕುಳಿಗಳಾಗಿ ಕಾಣಬೇಕಾಗಿಲ್ಲ. ಕಂಪನಿಗಳ ಕನಿಕರಕ್ಕಿಂತ ಒಂದು ಸಾಲಿನ ನಿಯಮ ಹೆಚ್ಚು ಕೆಲಸ ಮಾಡುತ್ತದೆ.

ಹಾಗೆಂದು ಸರಕಾರವೇ ಸದಾ ನಮ್ಮ ಕಡೆ ಎಂದು ತಿಳಿಯಬೇಕಾಗಿಲ್ಲ. 2025ರ ನವೆಂಬರ್ 28ರಂದು ದೂರಸಂಪರ್ಕ ಇಲಾಖೆಯು ಎಲ್ಲ ಹೊಸ ಫೋನುಗಳಲ್ಲಿ "ಸಂಚಾರ ಸಾಥಿ" ಎಂಬ ಸರಕಾರಿ ಆ್ಯಪನ್ನು ಮೊದಲೇ ಹಾಕಿ ಮಾರಬೇಕೆಂದು ಆದೇಶಿಸಿತು. ಕಳುವಾದ ಫೋನು ಹುಡುಕಲು ಅದು ಉಪಯುಕ್ತವೇ. ಆದರೆ ಕೇಳದೆ ಮನೆಯೊಳಗೆ ಬಂದು ಕೂರುವ ಕಾವಲುಗಾರನನ್ನು ಯಾರು ಮೆಚ್ಚುತ್ತಾರೆ? ದೇಶದಾದ್ಯಂತ ಗದ್ದಲವಾಗಿ ಡಿಸೆಂಬರ್ 3ರಂದು ಆದೇಶ ಹಿಂದಕ್ಕೆ ಹೋಯಿತು. ಬೇಕಾದವರು ತಾವೇ ಹಾಕಿಕೊಳ್ಳಬಹುದು. ಅದು ಸರಿಯಾದ ದಾರಿ.

ಮುಂದಿನ ಸಲ ಫೋನು ಕೊಳ್ಳಲು ಕುರುಂದವಾಡಕ್ಕೋ ಇಚಲಕರಂಜಿಗೋ ಹೋದಾಗ ಕ್ಯಾಮರಾ ಎಷ್ಟು ಎಂದು ಕೇಳುವ ಮೊದಲು ಬೇರೆ ನಾಲ್ಕು ಮಾತು ಕೇಳಿ ನೋಡಿ. ಇದಕ್ಕೆ ಎಷ್ಟು ವರ್ಷ ಸಾಫ್ಟ್‌ವೇರ್ ತಿದ್ದುಪಡಿ ಬರುತ್ತದೆ? ಬ್ಯಾಟರಿ ಬದಲಿಸಲು ಏನು ಬೆಲೆ, ಪರದೆಗೆ ಏನು ಬೆಲೆ? ಎಫ್.ಎಂ. ಇದೆಯೇ, ತಂತಿಯ ಇಯರ್‌ಫೋನಿಗೆ ತೂತಿದೆಯೇ? ಅಂಗಡಿಯವನು ಮೊದಲು ಮುಖ ನೋಡಿಯಾನು. ಹತ್ತು ಜನ ಕೇಳಿದರೆ ಉತ್ತರ ಸಿದ್ಧವಾಗಿಟ್ಟುಕೊಂಡಾನು. ಪಕ್ಕಾ ರಸೀದಿ ಬಿಡಬೇಡಿ. ಮಾತಿನ ಗ್ಯಾರಂಟಿ ಮಾತಿನಲ್ಲೇ ಹೋಗುತ್ತದೆ. ದುರಸ್ತಿಗೆ ಕೊಡುವಾಗ ಫೋಟೋ, ಸಂಖ್ಯೆಗಳ ಒಂದು ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ. ಗುಪ್ತ ಸಂಖ್ಯೆಯನ್ನು ಅಂಗಡಿಯ ಚೀಟಿಯ ಮೇಲೆ ಬರೆದು ಕೊಡಬೇಡಿ. ಹಳೆಯದನ್ನು ಮಾರುವಾಗ ಒಳಗಿನದೆಲ್ಲ ಅಳಿಸಿ ಮಾರಿ. ಕಂಪನಿ ತಕರಾರು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅದರಿಂದಲೂ ಆಗದಿದ್ದರೆ ಕೊಲ್ಹಾಪುರದಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು, ಕಂಪನಿಯ ಕಚೇರಿ ಮುಂಬಯಿಯಲ್ಲಿರಲಿ, ಬೆಂಗಳೂರಿನಲ್ಲಿರಲಿ. ವಕೀಲರೇ ಬೇಕೆಂಬ ಕಟ್ಟುಪಾಡೂ ಇಲ್ಲ, ನಿಮ್ಮ ಅಹವಾಲನ್ನು ನೀವೇ ಹೇಳಿಕೊಳ್ಳಬಹುದು.

ಈಗಿರುವ ಫೋನಿನಲ್ಲಿ ಎಫ್.ಎಂ. ಇದೆಯೋ ಇಲ್ಲವೋ ಎಂದು ಇಂದೇ ಒಮ್ಮೆ ತೆರೆದು ನೋಡಿ. ಇದ್ದರೆ, ಮಳೆಗಾಲ ಹಿಡಿಯುವ ಮುನ್ನ ತಂತಿಯ ಇಯರ್‌ಫೋನೊಂದನ್ನು ತಂದು ಮಾಡದಲ್ಲಿಡಿ.